ಹತ್ತೊಂಬತ್ತು ಬಾಟಲಿ ನೀರು

ನರ್ಮದಾ ಅಂಗಳ ದಾಟಿ ಪಡಸಾಲೆಗೆ ಕಾಲಿಟ್ಟಾಗ ಸುಶೀಲವ್ವ ಕೊನೆಯ ಬಾಟಲಿಗೆ ಬೂದಿ ಹಚ್ಚಿ ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ಉಳಿದ ಹದಿನೆಂಟು ಬಾಟಲಿಗಳು ಗೋಡೆಯ ಬದಿಗೆ ಸಾಲಾಗಿ ನಿಂತು ಹಬ್ಬಕ್ಕೆ ಬೆಳಗಿಟ್ಟ ಪಾತ್ರೆಗಳ ಹಾಗೆ ಹೊಳೆಯುತ್ತಿದ್ದವು. ಎಲ್ಲದರಲ್ಲೂ ನೀರು ಕಂಠಮಟ್ಟ ಇತ್ತು. ಒಂದರ ಮೇಲೂ ಚೀಟಿ ಇರಲಿಲ್ಲ.

"ಬರ್ರಿ ಅಕ್ಕಾರ," ಎಂದಳು ಸುಶೀಲವ್ವ, ಮುಖದ ತುಂಬ ಹೆಮ್ಮೆ. "ನೀವು ಹೇಳಿದಂಗ ಅಗದಿ ತಂಪ ಇಟ್ಟೇನಿ. ಮೂರು ದಿವಸ ಕಲ್ಲಬಾನ್ಯಾಗ ಮುಳುಗಿಸಿ ಇಟ್ಟಿದ್ದೆ. ಆ ಕಾಗದದ ಚೂರು ತಾವ ಬಿಚ್ಚಿಕೊಂಡು ತೇಲಿದ್ವು. ಅರ್ಧಮರ್ಧ ಅಂಟಿದ್ದು ಹೊಲಸ ಕಾಣತಿತ್ತು. ಎಲ್ಲಾ ತಿಕ್ಕಿ ತಗದೇನಿ."

ನರ್ಮದಾ ಬಾನಿಯ ಹತ್ತಿರ ಓಡಿ ಬಗ್ಗಿ ನೋಡಿದಳು. ತಳದಲ್ಲಿ ಒಂದು ಹಿಡಿಯಷ್ಟು ತೊಯ್ದ ಕಾಗದದ ಮುದ್ದೆ, ನೀರಿಗೆಲ್ಲ ತಿಳಿ ನೀಲಿ ಬಣ್ಣ. ಯಾವ ಬಾಟಲಿ ಯಾವ ಊರಿನದು ಎಂದು ಮೂರು ವಾರ ಮುತ್ತಿನಂಥ ಅಕ್ಷರದಲ್ಲಿ ಬರೆದು ಅಂಟಿಸಿದ್ದೆಲ್ಲ ಅಲ್ಲಿ ಕರಗಿ ಕೂತಿತ್ತು.

ಎಂಬತ್ತೈದನೆಯ ಇಸವಿಯ ಮೇ ತಿಂಗಳ ಕೊನೆ. ನವಲಗುಂದ, ಕುಂದಗೋಳದ ಕಡೆಯ ಕರಿಮಣ್ಣಿನ ಊರುಗಳಲ್ಲಿ ಜನ ಎಂಥ ನೀರು ಕುಡಿಯುತ್ತಾರೆಂದು ತಿಳಿಯಲು ಡೆನ್ಮಾರ್ಕಿನಿಂದ ಇಂಗ್ರಿಡ್ ಎಂಬ ಸಂಶೋಧಕಿ ಬಂದಿದ್ದಳು. ಊರ ಹೆಂಗಸರ ಬಾಯಲ್ಲಿ ಅವಳು ಇಂಗ್ರೀಬಾಯಿ. ಅವಳಿಗೆ ಕನ್ನಡ ಬಾರದು, ಇವರಿಗೆ ಇಂಗ್ಲಿಷ್ ಬಾರದು. ನಡುವೆ ಸೇತುವೆಯಾಗಿ ನಿಂತವಳು ಧಾರವಾಡದ ಮಾಳಮಡ್ಡಿಯ ನರ್ಮದಾ, ಗಣಿತದ ಮಾಸ್ತರ ಮಗಳು, ರಸಾಯನಶಾಸ್ತ್ರದ ಪದವೀಧರೆ. ಹತ್ತೊಂಬತ್ತು ಕೆರೆ ಬಾವಿಗಳಿಂದ ನೀರು ತುಂಬಿಸಿ ನವಲಗುಂದದ ಹತ್ತಿರದ ಈ ಊರಿನಲ್ಲಿ ಸುಶೀಲವ್ವನ ಮನೆಯಲ್ಲಿಟ್ಟಿದ್ದರು. ಸಂಜೆ ನಾಲ್ಕಕ್ಕೆ ಇಂಗ್ರಿಡ್ ಹುಬ್ಬಳ್ಳಿಯಿಂದ ಜೀಪಿನಲ್ಲಿ ಬಂದು ಅವನ್ನು ಒಯ್ಯಬೇಕು. ಅಲ್ಲಿಂದ ವಿಮಾನ, ಆಮೇಲೆ ಅವಳ ದೇಶದ ಪ್ರಯೋಗಶಾಲೆ. ಯಾವ ಊರಿನ ನೀರು ಕುಡಿಯಲು ಬಾರದ್ದೋ ಆ ಊರಿನ ಹೆಸರು ನಳದ ಯೋಜನೆಯಲ್ಲಿ ಮೇಲೆ ಬರುವುದಿತ್ತು.

ಇನ್ನೊಮ್ಮೆ ತುಂಬಿಸಿ ತರೋಣವೆಂದರೆ ಹೊತ್ತಿರಲಿಲ್ಲ. ಪಶ್ಚಿಮಕ್ಕೆ ಮೋಡ ಕಟ್ಟಿತ್ತು. ಒಂದು ಮಳೆ ಬಿದ್ದರೆ ಕೆರೆಗಳ ನೀರೆಲ್ಲ ಹೊಸದು, ಬೇಸಿಗೆಯ ತಳದ ನೀರು ಮತ್ತೆ ಸಿಗುವುದು ಮುಂದಿನ ವರ್ಷ. ಮೊದಲ ಆರು ಕಡೆ ಮಾತ್ರ ಇಂಗ್ರಿಡ್ ತಾನೇ ಬಂದು ಉಪ್ಪಿನಂಶವನ್ನು ಮೀಟರಿನಿಂದ ಅಳೆದು ತನ್ನ ಡೈರಿಯಲ್ಲಿ ಬರೆದುಕೊಂಡಿದ್ದಳು. ಉಳಿದ ಹದಿಮೂರಕ್ಕೆ ನರ್ಮದಾ ಒಬ್ಬಳೇ ಹೋಗಿದ್ದಳು. ಅವಕ್ಕೆ ಆ ಚೀಟಿಯ ಹೊರತು ಬೇರೆ ಗುರುತಿಲ್ಲ.

ಮನಸ್ಸಿಗೆ ಒಂದು ಕೆಟ್ಟ ಯೋಚನೆಯೂ ಬಂತು ಅನ್ನಿ. ನೋಟುಬುಕ್ಕಿನಲ್ಲಿ ಊರುಗಳ ಪಟ್ಟಿ ಇದೆ, ಹೊಸ ಚೀಟಿ ಬರೆದು ಸಿಕ್ಕ ಸಿಕ್ಕ ಬಾಟಲಿಗೆ ಅಂಟಿಸಿದರೆ ಕೇಳುವವರು ಯಾರು? ಬಂದಷ್ಟೇ ಬೇಗ ಆ ಯೋಚನೆ ಅವಳನ್ನು ಸುಟ್ಟಿತು. ಸಿಹಿನೀರಿನ ಊರಿಗೆ ನಳ ಬಂದು, ಉಪ್ಪು ಕುಡಿಯುವವರು ಉಪ್ಪನ್ನೇ ಕುಡಿಯುತ್ತ ಉಳಿದರೆ? ಅವಳು ಬಾನಿಯ ಪಕ್ಕದಲ್ಲೇ ತಲೆಯ ಮೇಲೆ ಕೈಹೊತ್ತು ಕೂತಳು.

"ಏನ ಮಾಡಿಬಿಟ್ರಿ ಸುಶೀಲವ್ವಾರ," ಎಂದಳು. "ಎಲ್ಲಾ ಹೋತು."

ಸುಶೀಲವ್ವನ ಕೈಯಲ್ಲಿದ್ದ ನಾರು ಅಲ್ಲೇ ನಿಂತಿತು. ಮಾತಾಡಿದ್ದು ಅವಳ ಅತ್ತೆ ನೀಲಕ್ಕ. ಕಂಬಕ್ಕೊರಗಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದ ಆ ಮುದುಕಿಗೆ ಕಿವಿ ಇನ್ನೂ ಚುರುಕು, ನಾಲಗೆ ಅದಕ್ಕಿಂತ ಚುರುಕು.

"ಏ ತಂಗಿ, ಇದರಾಗ ಅಕೀದೇನು ತಪ್ಪೈತಿ? ತಂಪ ಇಡ್ರಿ ಅಂದಿ, ಇಟ್ಟಾಳ. ಆ ಚೀಟ್ಯಾಗ ಏನೈತಿ, ಈ ನೀರು ಎಲ್ಲಿಗೆ ಹೊಂಟೈತಿ, ಯಾಕ ಹೊಂಟೈತಿ ಅಂತ ಒಂದಿನರ ನಮ್ಮ ಮುಂದ ಬಾಯಿ ಬಿಟ್ಟಿಯೇನು? ಮೂರು ವಾರ ಆತು, ಬರೇ ಕೇಳತಿ. ಎಷ್ಟು ಕೊಡ, ಎಷ್ಟು ದೂರ, ಮನ್ಯಾಗ ಎಷ್ಟು ಮಂದಿ. ನಾವು ಹೇಳಕೋತ ಬಂದ್ವಿ. ನೀ ನಮಗ ಏನ ಹೇಳಿದಿ?"

ಇಂಗ್ರಿಡ್ ಕೊಟ್ಟ ಹಾಳೆಯಲ್ಲಿ 'ತಂಪಾದ ಜಾಗದಲ್ಲಿಡಿ' ಎಂದಿತ್ತು, ನರ್ಮದಾ ಅದನ್ನು ಒಂದಕ್ಷರ ಬಿಡದೆ ಕನ್ನಡಕ್ಕೆ ತಂದಿದ್ದಳು. ಹಾಳೆಯಲ್ಲಿ ಇಲ್ಲದ್ದನ್ನು ಹೇಳಬೇಕೆಂದು ತೋಚಿರಲೇ ಇಲ್ಲ. ಇನ್ನೂರಕ್ಕೂ ಹೆಚ್ಚು ಪ್ರಶ್ನೆ ಕೇಳಿದವಳು ಒಂದು ಸಂಗತಿಯನ್ನೂ ತಿಳಿಸಿರಲಿಲ್ಲ ಎಂಬುದು ಈಗ ಕಪಾಳಕ್ಕೆ ಹೊಡೆದಂತೆ ಗೊತ್ತಾಯಿತು.

ನೆಲದ ಮೇಲೆ ಕೂತಲ್ಲಿಂದಲೇ ಅವಳು ಹೇಳತೊಡಗಿದಳು. ಬಾಟಲಿ ಎಲ್ಲಿಗೆ ಹೋಗುತ್ತದೆ, ಅಲ್ಲಿ ಏನು ನೋಡುತ್ತಾರೆ, ಊರಿನ ಹೆಸರು ತಪ್ಪಿದರೆ ಏನಾಗುತ್ತದೆ. ಕೇಳುತ್ತ ಕೇಳುತ್ತ ಸುಶೀಲವ್ವನ ಮುಖ ಕಪ್ಪಿಟ್ಟಿತು. ಅವಳು ತುದಿಯ ಬಾಟಲಿ ಎತ್ತಿ ಬಿರಡೆ ತೆಗೆದಳು, ನರ್ಮದಾ ಬೇಡವೆನ್ನುವ ಮೊದಲೇ ಅಂಗೈಗೆ ನಾಲ್ಕು ಹನಿ ಸುರುವಿ ಬಾಯಿಗಿಟ್ಟುಕೊಂಡಳು. ತಲೆಯಾಡಿಸಿ ಕೆಳಗಿಟ್ಟಳು. ಎರಡನೆಯದು ತೆಗೆದಳು, ಮೂರನೆಯದು ತೆಗೆದಳು. ಐದನೆಯದಕ್ಕೆ ಅವಳ ಕೈ ನಿಂತಿತು.

"ಅಕ್ಕಾರ, ಇದು ನಮ್ಮ ತವರು ಅಳಗವಾಡಿ ಕೆರೀದು."

"ಹ್ಯಾಂಗ ಹೇಳತೀರಿ?"

"ಹ್ಯಾಂಗ ಅಂದ್ರ? ಬಾಯಿಗೆ ಬಂದ ಕೂಡ್ಲೆ ತಣ್ಣಗ, ಆಮ್ಯಾಲ ಹಿಂದಿನಿಂದ ಸಣ್ಣಗ ಒಗರು. ನಾವು ನೀರಿಗೆ ಇಳಿಯೂ ಕಡೆ ಬೇವಿನ ಗಿಡ ಅದಾವು, ಬ್ಯಾಸಗಿ ತುಂಬ ಎಲಿ ಉದರತಾವು. ಹದಿನಾರು ವರ್ಷ ಕುಡದೇನಿ, ಗೊತ್ತಾಗಂಗಿಲ್ಲೇನ್ರಿ?"

ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ ಎಂದು ಓದಿ ಪಾಸಾದವಳು ನರ್ಮದಾ. ನಂಬುವುದು ಹೇಗೆ? ಸುಶೀಲವ್ವನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಐದು ಬಾಟಲಿಗಳ ನೀರನ್ನು ಐದು ಬಟ್ಟಲಿಗೆ ಹನಿಸಿ ಜಾಗ ಬದಲಿಸಿ ಕೊಟ್ಟಳು. ಸುಶೀಲವ್ವ ಮೂರು ಬಟ್ಟಲು ಸರಿಸಿ ನಾಲ್ಕನೆಯದನ್ನು ಹಿಡಿದಳು. ಅದೇ ನೀರು. ಮತ್ತೆ ಬದಲಿಸಿದಳು, ಈ ಸಲ ಬೇಕಂತಲೇ ಆ ನೀರನ್ನು ಬಿಟ್ಟು ಬೇರೆ ಐದನ್ನು ಇಟ್ಟಳು. ಸುಶೀಲವ್ವ ಐದನ್ನೂ ರುಚಿ ನೋಡಿ, "ಇದರಾಗ ನಮ್ಮದು ಇಲ್ಲಲ್ರಿ," ಎಂದು ತಿರುಗಿ ನೋಡಿದಳು. ನರ್ಮದಾ ಬಟ್ಟಲು ಹಿಡಿದು ಅವಳನ್ನೇ ನೋಡಿದಳು.

"ಏನ ಪಿಳಿಪಿಳಿ ನೋಡತಿ?" ಎಂದಳು ನೀಲಕ್ಕ. "ಈ ಊರಾಗಿನ ಸೊಸ್ತ್ಯಾರೆಲ್ಲಾ ಹೊರಗಿನವರ. ಒಬ್ಬೊಬ್ಬಾಕಿ ಒಂದೊಂದು ಊರಾಕಿ. ತವರಿನ ನೀರು ಮರೀತಾರೇನು? ನಿನ್ನ ಪುಸ್ತಕ ತಗೀ. ಊರಿನ ಹೆಸರು ಓದು."

ನರ್ಮದಾ ಓದುತ್ತ ಹೋದಳು, ನೀಲಕ್ಕ ಜೋಳದ ಮೇಲಿನ ಕಣ್ಣು ತೆಗೆಯದೆ ಹೇಳುತ್ತ ಹೋದಳು. ಮೊರಬ ಅಂದರೆ ಕುಬೇರಪ್ಪನ ಹೆಂಡತಿ, ಯಮನೂರು ಅಂದರೆ ಖಾಸಿಂಬಿ, ಮಲ್ಲಾಪುರ ಅಂದರೆ ಬಡಿಗೇರ ಮನೆಯ ಗೌರಕ್ಕ. ಯಾರ ಮದುವೆ ಯಾವ ವರ್ಷ, ದಿಬ್ಬಣ ಯಾವ ದಾರಿಯಲ್ಲಿ ಬಂತು ಎಂಬುದರವರೆಗೆ ಎಲ್ಲ ಅವಳ ತಲೆಯಲ್ಲಿತ್ತು. ಸುಶೀಲವ್ವ ಸೆರಗು ಸೊಂಟಕ್ಕೆ ಸಿಗಿಸಿ ಓಣಿ ಓಣಿ ತಿರುಗಿದಳು. ತಾನು ಕೆಡಿಸಿದ್ದನ್ನು ತಾನೇ ನೆಟ್ಟಗೆ ಮಾಡಬೇಕೆಂಬ ಹಟ ಅವಳ ನಡಿಗೆಯಲ್ಲೇ ಕಾಣುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಅಂದು ಆ ಪಡಸಾಲೆಯಲ್ಲಿ ನಡೆದದ್ದನ್ನು ನರ್ಮದಾ ಮುಂದೆ ಎಷ್ಟೋ ವರ್ಷ ಯಾರಿಗೂ ಸರಿಯಾಗಿ ಹೇಳಲಾರದೆ ಹೋದಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಅಂಗೈ ಒಡ್ಡಿದರು. ತಮ್ಮದಲ್ಲದ ನೀರಾದರೆ ತಲೆಯಾಡಿಸಿ ಮುಂದಿನದಕ್ಕೆ ಕೈ ಚಾಚುವರು. ತಮ್ಮದು ಬಂದಾಗ ಯಾರೂ ಹೇಳಬೇಕಾಗಿರಲಿಲ್ಲ, ಮುಖವೇ ಹೇಳುತ್ತಿತ್ತು. ಎರಡು ತಿಂಗಳ ಹಿಂದೆ ಮದುವೆಯಾಗಿ ಬಂದವಳೊಬ್ಬಳು ಗುಟುಕು ನುಂಗಿ ಗಳಗಳ ಅತ್ತಳು. ಕುಬೇರಪ್ಪನ ಹೆಂಡತಿ ನಕ್ಕಳು: "ಇದರಾಗ ಅರಿವಿ ಒಗದ್ರ ಸಬಕಾರ ನೊರೀನ ಬರಂಗಿಲ್ಲ ನೋಡ್ರಿ, ನಮ್ಮದ ಇದು." ಖಾಸಿಂಬಿ ಕಣ್ಣು ಮುಚ್ಚಿ ಬಾಯಲ್ಲಿ ನೀರು ಆಡಿಸಿದಳು.

"ಇದು ಯಮನೂರದ್ದು ಅಕ್ಕಾ, ಹಳ್ಳದ ಬಾಜೂಕಿನ ಬಾವೀದು. ಇದರಾಗ ಚಾ ಮಾಡಿದ್ರ ಹಾಲು ಒಡೀತಾವ. ದರ್ಗಾಕ್ಕ ಬಂದ ಮಂದೀಗೆ ನಮ್ಮಮ್ಮ ಬ್ಯಾರೆ ಕಡೆಯಿಂದ ನೀರು ತಂದು ಚಾ ಮಾಡತಿದ್ದಳು."

ನರ್ಮದಾ ಪ್ರತಿಯೊಬ್ಬರನ್ನೂ ಜಾಗ ಬದಲಿಸಿ ಎರಡೆರಡು ಸಲ ಪರೀಕ್ಷಿಸಿದಳು. ಮೊದಲು ಅನುಮಾನಕ್ಕೆ, ಆಮೇಲೆ ಆ ಸೋಜಿಗವನ್ನು ಮತ್ತೊಮ್ಮೆ ನೋಡುವ ಆಸೆಗೆ. ಒಬ್ಬಳೂ ತಪ್ಪಲಿಲ್ಲ. ಅವಳ ಫಾರಮ್ಮಿನಲ್ಲಿ ನೀರಿನ ಗುಣಕ್ಕೆ ಮೂರು ಚೌಕಗಳಿದ್ದವು: ಉತ್ತಮ, ಸಾಧಾರಣ, ಕಳಪೆ. ಮೂರು ವಾರ ಅವಳು 'ನೀರು ಹೇಗಿದೆ' ಎಂದು ಕೇಳಿದಾಗೆಲ್ಲ ಇದೇ ಹೆಂಗಸರು 'ನಡೀತೈತ್ರಿ' ಎಂದಿದ್ದರು, ಅವಳು ಕಣ್ಣು ಮುಚ್ಚಿ ನಡುವಿನ ಚೌಕಕ್ಕೆ ಗುರುತು ಹಾಕಿದ್ದಳು. ಈಗ ಅದೇ ಬಾಯಿಗಳಿಂದ ಸವಳು, ಅರೆಸವಳು, ಒಗರು, ಸಪ್ಪೆ, ಜಡ, ಹಗುರ, ಕೆಸರುಸಿಹಿ ಎಂದು ಮಾತು ಉದುರುತ್ತಿದ್ದವು. ಅವಳು ಅಳತೆಪಟ್ಟಿ ಹಿಡಿದು ನೋಟುಬುಕ್ಕಿನಲ್ಲಿ ಹೊಸದೊಂದು ಕಾಲಮ್ಮು ಎಳೆದಳು. ಮೇಲೆ 'ರುಚಿ' ಎಂದು ಬರೆದು, ಅವರು ಹೇಳಿದ್ದನ್ನು ಹೇಳಿದ ಹಾಗೇ ಇಳಿಸಿಕೊಂಡಳು.

ನಾಲ್ಕರ ಹೊತ್ತಿಗೆ ಹದಿನೇಳು ಬಾಟಲಿಗೆ ಚೀಟಿ ಬಿದ್ದಿತ್ತು. ಎರಡು ಉಳಿದಿದ್ದವು. ಅಷ್ಟರಲ್ಲಿ ಜೀಪಿನ ಸದ್ದಾಯಿತು.

ಇಂಗ್ರಿಡ್ ಒಳಗೆ ಬಂದು ಜನರನ್ನು ಕಂಡು ಮುಗುಳ್ನಕ್ಕಳು. ನರ್ಮದಾ ಏನನ್ನೂ ಮುಚ್ಚಿಡದೆ ಬಾನಿಯಿಂದ ಹಿಡಿದು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಆ ನಗು ಇಳಿಯಿತು. ನಾಲಗೆಯನ್ನು ಪುರಾವೆ ಅಂತ ನಾನು ಯಾವ ಪ್ರಯೋಗಶಾಲೆಗೆ ಬರೆಯಲಿ ಎಂದು ಅವಳು ಮೆಲ್ಲಗೆ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ನರ್ಮದಾಳಿಗೆ ಸಿಟ್ಟೇ ವಾಸಿ ಅನಿಸಿತು. "ನೀವು ಅಳೆದ ಆರು ಇವೆಯಲ್ಲ, ನೋಡಿ," ಎಂದಷ್ಟೇ ಹೇಳಿದಳು.

ಇಂಗ್ರಿಡ್ ಚೀಲದಿಂದ ಮೀಟರು ತೆಗೆದಳು, ಕುಕ್ಕರಗಾಲಲ್ಲಿ ಕೂತು ಡೈರಿ ಬಿಚ್ಚಿ ತೊಡೆಯ ಮೇಲಿಟ್ಟಳು. ಮೊರಬದ ಚೀಟಿಯಿದ್ದ ಬಾಟಲಿಯಿಂದ ಸ್ವಲ್ಪ ಸುರುವಿ ಕಡ್ಡಿ ಅದ್ದಿದಳು. ಮುಳ್ಳು ನಡುಗಿ ಒಂದು ಕಡೆ ನಿಂತಿತು. ಡೈರಿ ನೋಡಿದಳು, ಮತ್ತೆ ಮುಳ್ಳು ನೋಡಿದಳು. ಕಡ್ಡಿ ತೊಳೆದು ಎರಡನೆಯದಕ್ಕೆ ಅದ್ದಿದಳು. ಮೂರನೆಯದಕ್ಕೆ ಬರುವ ಹೊತ್ತಿಗೆ ಅವಳ ಕೈ ನಿಧಾನವಾಯಿತು. ಹೆಂಗಸರಾರೂ ಆ ಮುಳ್ಳಿನ ಕಡೆ ನೋಡುತ್ತಿರಲಿಲ್ಲ; ಅವರಿಗೆ ಗೊತ್ತಿದ್ದದ್ದನ್ನು ಅದು ಹೇಳುತ್ತಿತ್ತು, ಅಷ್ಟೆ. ಅವರು ಇಂಗ್ರೀಬಾಯಿಯ ಮುಖ ನೋಡುತ್ತಿದ್ದರು. ಆರನೆಯದೂ ಸರಿಹೋದಾಗ ಅವಳು ಮೀಟರನ್ನು ಪಕ್ಕಕ್ಕಿಟ್ಟು ಬರಿಯ ನೆಲದ ಮೇಲೆ ಕೂತಳು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ತನ್ನ ದೇಶದ ಮಾತಿನಲ್ಲಿ ಏನೋ ಅಂದಳು. ಅದು ನರ್ಮದಾಳಿಗೂ ಬಾರದ ಭಾಷೆ. ಆದರೂ ಅಂದು ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಆಮೇಲೆ ಇಂಗ್ರಿಡ್ ಉಳಿದೆರಡು ಬಾಟಲಿಗಳ ಕಡೆ ಬೆರಳು ತೋರಿಸಿದಳು.

ನರ್ಮದಾ ಪಟ್ಟಿ ನೋಡಿದಳು. ಒಂದು ಹೊಸಳ್ಳಿಯ ಕೆರೆ. ಎರಡು ತಲೆಮಾರಿನ ಹಿಂದಿನ ಯಾವುದೋ ಜಗಳಕ್ಕೆ ಆ ಊರಿನಿಂದ ಈ ಊರಿಗೆ ಹೆಣ್ಣು ತರುವುದೇ ನಿಂತಿತ್ತು. ಇನ್ನೊಂದು ಮಲ್ಲಾಪುರದ ಕೆಳಗೇರಿಯ ಬಾವಿ. ಅವಳು ಗೌರಕ್ಕನ ಕಡೆ ತಿರುಗಿದಳು. ಮಲ್ಲಾಪುರದ ಕೆರೆಯ ನೀರನ್ನು ಒಂದೇ ಹನಿಗೆ ಗುರುತಿಸಿದವಳು ಗೌರಕ್ಕ.

"ನಿಮ್ಮ ಊರಿಂದ ಇನ್ನೊಂದು ಅದಲ್ರಿ ಗೌರಕ್ಕಾರ?"

ಗೌರಕ್ಕ ನೆಲ ನೋಡಿದಳು. "ಅದು ಕೇರಿಯವರ ಬಾವಿರಿ. ಅದರ ನೀರು ನಾವು ಹ್ಯಾಂಗ ಕುಡೀಲ್ರಿ?"

ಪಡಸಾಲೆಯಲ್ಲಿದ್ದವರು ಬೇರೆ ಕಡೆ ಮುಖ ತಿರುಗಿಸಿದರು. ಏನಾಯಿತೆಂದು ಇಂಗ್ರಿಡ್ ಕೇಳಿದಳು, ನರ್ಮದಾ ಆಮೇಲೆ ಹೇಳುತ್ತೇನೆ ಎಂದಳು. ಕೊನೆಗೆ ನೀಲಕ್ಕ ಮೊರವನ್ನು ಒಮ್ಮೆ ಕೊಡವಿದಳು.

"ಆ ಕೇರಿಯಾಕಿ ನಮ್ಮೂರಾಗ ಒಬ್ಬಾಕಿ ಅದಾಳ. ಕೆಳಗಿನ ಓಣಿ ಗುರವ್ವ."

ಯಾರೂ ಏಳಲಿಲ್ಲ. ಆ ಓಣಿಗೆ ಹೋಗಿ ಬಾಗಿಲಲ್ಲಿ ನಿಂತು ಕರೆದು ರೂಢಿಯಿದ್ದವರು ಅಲ್ಲಿ ಇರಲಿಲ್ಲ. ಸುಶೀಲವ್ವ ಒಮ್ಮೆ ಅತ್ತೆಯ ಮುಖ ನೋಡಿದಳು, ಒಮ್ಮೆ ಬಾಟಲಿ ನೋಡಿದಳು, ಎದ್ದು ಹೋದಳು.

ಗುರವ್ವ ಬಂದಳು. ನಲವತ್ತರ ಆಚೆಯ ಹೆಂಗಸು, ಹೊಲದಿಂದ ಬಂದವಳು, ಮೊಣಕಾಲವರೆಗೆ ಕರಿಮಣ್ಣಿನ ಧೂಳು. ಅಂಗಳದಲ್ಲಿ, ಪಡಸಾಲೆಯ ಕಟ್ಟೆಯ ಕೆಳಗೆ ನಿಂತಳು. ನರ್ಮದಾ ಇಳಿದು ಅವಳ ಮುಂದೆ ಹೋದಳು. ಈ ಸಲ ಅವಳು ಮೊದಲು ಕೇಳಲಿಲ್ಲ, ಹೇಳಿದಳು. ಬಾಟಲಿ ಎಲ್ಲಿಗೆ, ಯಾಕೆ, ಚೀಟಿ ಹೇಗೆ ಹೋಯಿತು.

"ಹೇಳಿಬಿಟ್ರ ನಿಮ್ಮ ತವರಿಗೆ ನಳ ಬಂದೇ ಬರತದ ಅಂತ ನಾ ಮಾತು ಕೊಡಲಾರೆರಿ," ಎಂದು ಮುಗಿಸಿದಳು. "ಹೆಸರು ಇಲ್ಲದಿದ್ರ ಮಾತ್ರ ಬರಂಗಿಲ್ಲ."

ಗುರವ್ವ ಅವಳನ್ನೇ ನೋಡಿದಳು. "ಇಷ್ಟು ಹೇಳಿದ್ರಲ್ರಿ ಅಕ್ಕಾರ. ನಮಗ ಯಾರು ಹೇಳತಾರ," ಎಂದು ಅಂಗೈ ಒಡ್ಡಿದಳು.

ಗೌರಕ್ಕ ಕಟ್ಟೆಯ ಮೇಲಿನಿಂದಲೇ ನೀರು ಹನಿಸಲು ಬಾಟಲಿ ಎತ್ತಿದ್ದಳು. ನರ್ಮದಾ ಅದನ್ನು ಇಸಿದುಕೊಂಡು ಗುರವ್ವನ ಕೈಗೇ ಕೊಟ್ಟಳು. ಗುರವ್ವ ಬಾಟಲಿ ಹಿಡಿದು ನೀಲಕ್ಕನ ಕಡೆ ನೋಡಿದಳು. ನೀಲಕ್ಕ ಮುಖ ಎತ್ತದೆ ಜೋಳದಲ್ಲಿ ಕಲ್ಲು ಹುಡುಕುತ್ತಿದ್ದಳು.

ಮೊದಲನೆಯದನ್ನು ಗುರವ್ವ ನಾಲಗೆಗೆ ತಗುಲಿಸಿ, "ಇದು ಕೆರಿ ನೀರು, ನಮ್ಮದಲ್ಲ," ಎಂದಳು. ಎರಡನೆಯದನ್ನು ಬಾಯಿಗಿಟ್ಟುಕೊಂಡವಳು ನುಂಗಲಿಲ್ಲ, ಉಗುಳಲೂ ಇಲ್ಲ. ಹಾಗೇ ನಿಂತಳು. ಆಮೇಲೆ ಮೆಲ್ಲಗೆ ನುಂಗಿ, ಅಂಗೈಯಲ್ಲಿ ಉಳಿದ ಪಸೆಯನ್ನು ತೀರ್ಥದ ಹಾಗೆ ಎರಡೂ ಕಣ್ಣಿಗೆ ಒತ್ತಿಕೊಂಡಳು.

"ಇದರಿ," ಎಂದಳು. "ನಮ್ಮವ್ವ ಇನ್ನೂ ಇದನ್ನ ಸೇದತಾಳ."

ಉಳಿದದ್ದು ಹೊಸಳ್ಳಿಯದು; ಹತ್ತೊಂಬತ್ತಕ್ಕೂ ಹೆಸರು ಬಂದಿತ್ತು. ಹೆಂಗಸರ ನಡುವೆ ಒಂದು ನಿಟ್ಟುಸಿರು ಎದ್ದಿತು, ಸುಶೀಲವ್ವ ಸೊಂಟದ ಸೆರಗು ಬಿಚ್ಚಿ ಮುಖ ಒರೆಸಿಕೊಂಡಳು. ಮೂರು ವಾರ ಹತ್ತೊಂಬತ್ತು ಕಡೆಯ ನೀರು ಹೊತ್ತವಳು ತಾನು ಒಂದನ್ನೂ ಕುಡಿದಿರಲಿಲ್ಲ ಎಂದು ಆಗ ನರ್ಮದಾಳಿಗೆ ಹೊಳೆಯಿತು. ಗುರವ್ವನ ಮುಂದೆ ಅಂಗೈ ಚಾಚಿದಳು. ಗುರವ್ವ ಹಿಂಜರಿದಳು. ನರ್ಮದಾ ಕೈ ಹಿಂದಕ್ಕೆ ತೆಗೆಯಲಿಲ್ಲ. ಗುರವ್ವ ನಾಲ್ಕು ಹನಿ ಸುರುವಿದಳು.

ನರ್ಮದಾ ಅದನ್ನು ಬಾಯಿಗೆ ಹಾಕಿಕೊಂಡಳು. ಉಪ್ಪೂ ಅಲ್ಲ, ಕಹಿಯೂ ಅಲ್ಲ, ಎರಡರ ಕೆಳಗೆ ಕಬ್ಬಿಣದಂಥ ಏನೋ ಒಂದು ನಾಲಗೆಗೆ ಅಂಟಿ ಕೂತಿತು. ನಾಲ್ಕು ಹನಿ ನುಂಗಲು ಅವಳು ಎರಡು ಸಲ ಉಸಿರು ಬಿಗಿಹಿಡಿಯಬೇಕಾಯಿತು. ಇದನ್ನು ಕೊಡಗಟ್ಟಲೆ ಕುಡಿದು ಬೆಳೆದವಳು ಎದುರಿಗೆ ನಿಂತಿದ್ದಳು.

ಅವಳು ನೋಟುಬುಕ್ಕು ಬಿಚ್ಚಿದಳು. ಕೊನೆಯ ಸಾಲಿನಲ್ಲಿ ಊರು, ಬಾವಿ, ತಾರೀಖು ಎಲ್ಲ ಇತ್ತು. ರುಚಿಯ ಕಾಲಮ್ಮು ಖಾಲಿ. ಇಂಗ್ರಿಡ್ ಕೂಡ ಇಳಿದು ಬಂದು ಪಕ್ಕದಲ್ಲಿ ನಿಂತಿದ್ದಳು, ಕೈಯಲ್ಲಿ ಡೈರಿ ಹಿಡಿದು. ಒಂದೊಂದು ನೀರಿಗೂ ಇವರು ಏನನ್ನುತ್ತಾರೆಂಬುದು ಈಗ ಅವಳಿಗೂ ಬೇಕಾಗಿತ್ತು.

"ಗುರವ್ವಾರ, ಇವರೆಲ್ಲಾ ತಮ್ಮ ತಮ್ಮ ನೀರಿಗೆ ಒಂದೊಂದು ಹೇಳ್ಯಾರ. ಸವಳು, ಸಪ್ಪೆ, ಒಗರು ಅಂತ," ಎಂದಳು ನರ್ಮದಾ. "ಇದಕ್ಕ ನಿಮ್ಮ ಕೇರ್ಯಾಗ ಏನಂತಿದ್ರಿ?"

ಗುರವ್ವ ಕಟ್ಟೆಯ ಮೇಲೆ ಕೂತವರನ್ನೆಲ್ಲ ಒಮ್ಮೆ ನೋಡಿದಳು. ಕೈಯಲ್ಲಿದ್ದ ಬಾಟಲಿ ನೋಡಿದಳು. ಏನು ಕೇಳುತ್ತಿದ್ದಾರೆಂದು ತಿಳಿಯದೆ ತುಸು ನಾಚಿಕೊಂಡಳು.

"ಏನಂತಿದ್ವಿರಿ ಅಕ್ಕಾರ," ಎಂದಳು. "ನೀರು ಅಂತಿದ್ವಿ."

ನರ್ಮದಾ ಆ ಖಾಲಿ ಜಾಗದಲ್ಲಿ 'ನೀರು' ಎಂದು ಬರೆದಳು. ಏನು ಹೇಳಿದಳು ಎಂದು ಇಂಗ್ರಿಡ್ ಕೇಳಿದಾಗ ಅವಳು ಇಂಗ್ಲಿಷಿನಲ್ಲಿ ಆ ಒಂದೇ ಮಾತು ಹೇಳಿದಳು. ಇಂಗ್ರಿಡ್ ಅದನ್ನು ಬರೆದುಕೊಂಡು, ಮುಂದಿನ ಮಾತಿಗಾಗಿ ಪೆನ್ನು ಹಿಡಿದು ಕಾಯುತ್ತ ನಿಂತಳು.